ಮುಳ್ಳುತಂತಿ ಬೇಲಿ ಯಾಕೆ ಜೋಲುತ್ತದೆ, ಕಂಬ ಯಾಕೆ ವಾಲುತ್ತದೆ: ದನದ ಬೇಲಿಯ ದೋಷ ನಿವಾರಣೆ ಕೈಪಿಡಿ

ತಂತಿ ಜೋಲು ಬಿದ್ದ ಜಾಗದಲ್ಲೇ ಕಟಿಂಗ್ ಪ್ಲೇಯರ್ ಹಾಕಿ ಎರಡು ಸುತ್ತು ತಿರುಚಿ ಬಿಗಿ ಮಾಡುವುದು ಎಲ್ಲರೂ ಮಾಡುವ ರಿಪೇರಿ. ಅದು ಎರಡು ವಾರ ನಿಲ್ಲುತ್ತದೆ. ಆಮೇಲೆ ಪಕ್ಕದ ಅಂಕಣ (ಎರಡು ಕಂಬಗಳ ನಡುವಿನ ಭಾಗ) ಜೋಲುತ್ತದೆ, ಅದನ್ನೂ ತಿರುಚಿದರೆ ಅದರಾಚೆಯದು. ಹೀಗೆ ತಿರುಚಿದ ಒಂದೊಂದು ಜಾಗದಲ್ಲೂ ಸತುವಿನ ಲೇಪ ಸಿಡಿದು ತುಕ್ಕು ಹತ್ತುತ್ತದೆ. ಜೋಲು ಕಾಣುವುದು ನಡುವಿನಲ್ಲಿ, ಅದರ ಕಾರಣ ಇರುವುದು ಬಹುಪಾಲು ಮೂಲೆಯಲ್ಲಿ. ಆದ್ದರಿಂದ ಬೇಲಿಯ ರೋಗ ಹುಡುಕುವವರು ಮೊದಲು ಮೂಲೆಗಂಬದ ಹತ್ತಿರ ಹೋಗಬೇಕು, ತಂತಿಯನ್ನು ಕೊನೆಗೆ ಮುಟ್ಟಬೇಕು.

ಇಲ್ಲಿ ಹೇಳುತ್ತಿರುವುದು ನಮ್ಮ ಬಯಲುಸೀಮೆಯಲ್ಲಿ ಸಾಮಾನ್ಯವಾದ ಬೇಲಿಯ ಬಗ್ಗೆ: 7 ಅಡಿಯ ಕಲ್ಲುಕಂಬ, 2 ಅಡಿ ನೆಲದೊಳಗೆ, 5 ಅಡಿ ಮೇಲೆ, 8ರಿಂದ 10 ಅಡಿಗೊಂದು ಕಂಬ, 5 ಎಳೆ 12 ಗೇಜಿನ ಮುಳ್ಳುತಂತಿ (ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ತೆಳು). ಸಿಮೆಂಟ್ ಕಂಬಕ್ಕೂ ಇದರಲ್ಲಿ ಹೆಚ್ಚಿನದೆಲ್ಲ ಅನ್ವಯಿಸುತ್ತದೆ.

ಪರೀಕ್ಷೆ ಶುರು ಮಾಡುವ ಮುಂಚೆ

ಕೈಯಲ್ಲಿ ಇರಬೇಕಾದದ್ದು: ತೂಗುಗುಂಡು, ಟೇಪು, ಒಂದು ಸುತ್ತಿಗೆ, 100 ಅಡಿ ದಾರ, 5 ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನು, ದಪ್ಪ ಚರ್ಮದ ಕೈಗವಸು. ಬಿಗಿತಂತಿಯನ್ನು ಕತ್ತರಿಸುವ ಕೆಲಸ ಬಂದರೆ ಕಣ್ಣಿಗೆ ಕನ್ನಡಕವೂ ಬೇಕು. ಎಳೆದು ನಿಂತ ಮುಳ್ಳುತಂತಿ ತುಂಡಾದರೆ ಹಾವಿನಂತೆ ಸುರುಳಿ ಸುತ್ತಿಕೊಂಡು ವಾಪಸು ಹಾರುತ್ತದೆ. ತಂತಿಯ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಇರಬಾರದು.

ಮೂಲೆಗಂಬದ ಪಕ್ಕ ನಿಂತು ಸಾಲಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಕಂಬಗಳ ತಲೆ ಒಂದೇ ನೇರದಲ್ಲಿ ಕಾಣಬೇಕು. ಮೂಲೆಗಂಬ ಬೇಲಿಯ ಒಳಸಾಲಿನ ಕಡೆಗೆ ವಾಲಿದ್ದರೆ ದೋಷ ಅಲ್ಲೇ ಸಿಕ್ಕಿತು. ತೂಗುಗುಂಡು ಬಿಟ್ಟು ಅಳೆಯಿರಿ. 5 ಅಡಿ ಎತ್ತರದಲ್ಲಿ 1 ಇಂಚಿನಷ್ಟು ವಾಲಿದ್ದರೆ ಇನ್ನೂ ಉಳಿಸಬಹುದು. 3 ಇಂಚು ದಾಟಿದ್ದರೆ ಕಂಬವನ್ನು ಬಿಡಿಸಿ ಮತ್ತೆ ನೆಡುವುದೇ ಸರಿ.

ಮೂಲೆ ನೆಟ್ಟಗಿದ್ದರೆ ತಂತಿಯ ಬಿಗಿತ ಅಳೆಯಿರಿ. ಇದಕ್ಕೆ ದುಬಾರಿ ಸಾಧನ ಬೇಡ. ಅಂಕಣದ ಎಡ ಬಲದ ನಾಲ್ಕೈದು ಕಂಬಗಳಲ್ಲಿ ಆ ಎಳೆಯನ್ನು ಕಂಬಕ್ಕೆ ಹಿಡಿದಿರುವ ಕಟ್ಟುತಂತಿಯನ್ನು ಸ್ವಲ್ಪ ಸಡಿಲ ಮಾಡಿ. ಕ್ಯಾನಿಗೆ 5 ಲೀಟರ್ ನೀರು ತುಂಬಿ ಅಂಕಣದ ನಟ್ಟನಡುವೆ ಎಳೆಗೆ ತೂಗುಹಾಕಿ. 10 ಅಡಿ ಅಂಕಣದಲ್ಲಿ ಎಳೆ 2 ಇಂಚು ಕೆಳಗಿಳಿದರೆ ಬಿಗಿತ ಸುಮಾರು 75 ಕಿಲೋ ಇದೆ ಎಂದರ್ಥ. 4 ಇಂಚು ಇಳಿದರೆ ಅದರ ಅರ್ಧ. 1 ಇಂಚು ಮಾತ್ರ ಇಳಿದರೆ 150 ಕಿಲೋ ಹತ್ತಿರ ಎಳೆದಿದ್ದೀರಿ, ಅದು ಅತಿಯಾಯಿತು. ದನದ ಬೇಲಿಗೆ 70ರಿಂದ 100 ಕಿಲೋ ಸಾಕು. ಕಟ್ಟುತಂತಿ ಸಡಿಲಿಸದೆ ಈ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎರಡು ಕಂಬದ ನಡುವೆ ಬಂಧಿಯಾದ ತುಂಡು ಇರುವುದಕ್ಕಿಂತ ಬಿಗಿಯಾಗಿ ತೋರುತ್ತದೆ.

ಮೂಲೆಗಂಬ

ಎಳೆಗೆ 80 ಕಿಲೋದಂತೆ 5 ಎಳೆ ಸೇರಿದರೆ 400 ಕಿಲೋ. ಈ ಎಳೆತ ಸರಾಸರಿ ಎರಡೂವರೆ ಅಡಿ ಎತ್ತರದಲ್ಲಿ ಕೂತಿದೆ ಎಂದುಕೊಂಡರೆ ನೆಲಮಟ್ಟದಲ್ಲಿ ಕಂಬದ ಮೇಲೆ 1000 ಕಿಲೋ-ಅಡಿ ಬಾಗುವ ಒತ್ತಡ. ಕಲ್ಲು ಭಾರ ಹೊರಲು ಗಟ್ಟಿ, ಬಾಗಲು ಮಾತ್ರ ಬಡವ. ಒಳ್ಳೆಯ ಗ್ರಾನೈಟ್ ಚದರ ಸೆಂಟಿಮೀಟರಿಗೆ 100 ಕಿಲೋ ಆಸುಪಾಸಿನಲ್ಲಿ ಬಾಗಿ ಮುರಿಯುತ್ತದೆ. ಅದರ ಪ್ರಕಾರ 4 ಇಂಚು ಚೌಕದ ಕಂಬ ಸುಮಾರು 600 ಕಿಲೋ-ಅಡಿಗೆ, 5 ಇಂಚಿನದು 1100ಕ್ಕೆ, 6 ಇಂಚಿನದು 2000ಕ್ಕೆ ಮುರಿಯುತ್ತದೆ. ಅಂದರೆ ಆಸರೆಯಿಲ್ಲದ 4 ಇಂಚಿನ ಮೂಲೆಗಂಬ ಮುರಿಯಲೇಬೇಕು. 5 ಇಂಚಿನದು ಒಂದು ಎಮ್ಮೆ ಒರಗುವವರೆಗೆ ನಿಂತಿರುತ್ತದೆ, ಅಷ್ಟೆ. ನಡುಸಾಲಿನ ಕಂಬಗಳಲ್ಲಿ ಎರಡೂ ಕಡೆಯ ಎಳೆತ ಒಂದನ್ನೊಂದು ಕಳೆದುಕೊಳ್ಳುತ್ತದೆ, ಅಲ್ಲಿಗೆ 4 ಇಂಚು ನಡೆದೀತು. ಹಣ ಉಳಿಸುವುದಿದ್ದರೆ ಸಾಲಿನಲ್ಲಿ ಉಳಿಸಿ. ಮೂಲೆಗೆ, ಗೇಟಿನ ಎರಡು ಪಕ್ಕಕ್ಕೆ 8 ಅಡಿಯ 6 ಇಂಚಿನ ಕಂಬವೇ ಇರಲಿ, ಕನಿಷ್ಠ ಎರಡೂವರೆ ಅಡಿ ನೆಲದೊಳಗೆ ಹೋಗಲಿ.

ಕಂಬ ದಪ್ಪವಿದ್ದರೂ ಒತ್ತುಗಲ್ಲು ಬೇಕೇ ಬೇಕು. ಸಪೋರ್ಟ್ ಕಲ್ಲು ಎಂದು ಕರೆಯುವ ಈ ಓರೆಗಲ್ಲು ಎಲ್ಲ ಬೇಲಿಯಲ್ಲೂ ಕಾಣುತ್ತದೆ, ಆದರೆ ಸರಿಯಾಗಿ ಇಟ್ಟಿರುವುದು ಕಡಿಮೆ. ಇಲ್ಲಿ ಮೂರು ತಪ್ಪು ನಡೆಯುತ್ತವೆ.

ಮೊದಲನೆಯದು, ಕಲ್ಲನ್ನು ತಪ್ಪು ಬದಿಗೆ ಇಡುವುದು. ತಂತಿ ಕಂಬವನ್ನು ಯಾವ ಕಡೆಗೆ ಎಳೆಯುತ್ತದೋ ಆ ಕಡೆಯಿಂದಲೇ ಕಲ್ಲು ಒತ್ತಬೇಕು, ಅಂದರೆ ಬೇಲಿಯ ಸಾಲಿನೊಳಗೆ, ತಂತಿಯ ಕೆಳಗೆ. ಮೂಲೆಯ ಹೊರಗಡೆಯಿಂದ ಆನಿಸಿದ ಕಲ್ಲು ನೋಡಲು ಬಲವಾಗಿ ಕಾಣುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ಮೂಲೆಯಲ್ಲಿ ಎರಡು ಸಾಲು ಸೇರುವುದರಿಂದ ಒಂದೊಂದು ಸಾಲಿಗೆ ಒಂದರಂತೆ ಎರಡು ಒತ್ತುಗಲ್ಲು ಬೇಕು. ನಡುವೆ ಒಂದೇ ಓರೆಗಲ್ಲು ಇಟ್ಟರೆ ಕಂಬ ಕ್ರಮೇಣ ತಿರುಚಿಕೊಳ್ಳುತ್ತದೆ.

ಎರಡನೆಯದು, ಕಲ್ಲನ್ನು ಕಡಿದಾಗಿ ನಿಲ್ಲಿಸುವುದು. ಜಾಗ ಉಳಿಸಲು ಕಲ್ಲಿನ ಬುಡವನ್ನು ಕಂಬದಿಂದ 2 ಅಡಿ ದೂರದಲ್ಲೇ ನೆಡುತ್ತಾರೆ. ಆಗ ಕಲ್ಲು ಕಂಬವನ್ನು ಪಕ್ಕಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎತ್ತುತ್ತದೆ. ಲೆಕ್ಕ ನೋಡಿ: 400 ಕಿಲೋ ಎಳೆತ ಎರಡೂವರೆ ಅಡಿ ಎತ್ತರದಲ್ಲಿ, ಒತ್ತುಗಲ್ಲು ಕಂಬಕ್ಕೆ ತಾಗುವುದು ಮೂರೂವರೆ ಅಡಿಯಲ್ಲಿ ಎಂದಿಟ್ಟುಕೊಳ್ಳಿ. ತಾಗುವಲ್ಲಿ ಅಡ್ಡ ಒತ್ತಡ ಸುಮಾರು 285 ಕಿಲೋ. ಬುಡ 2 ಅಡಿ ದೂರದಲ್ಲಿದ್ದರೆ ಕಂಬವನ್ನು ಮೇಲೆತ್ತುವ ಬಲ 500 ಕಿಲೋ, 6 ಅಡಿ ದೂರದಲ್ಲಿದ್ದರೆ 170 ಕಿಲೋ ಹತ್ತಿರ. 5 ಇಂಚಿನ 7 ಅಡಿ ಕಂಬದ ತೂಕವೇ 90 ಕಿಲೋ. ಮಳೆಗಾಲದಲ್ಲಿ ಮಣ್ಣು ಮೆತ್ತಗಾದಾಗ ಮೂಲೆಗಂಬ ವರ್ಷಕ್ಕೆ ಒಂದೆರಡು ಇಂಚು ಮೇಲೇಳುವುದಕ್ಕೆ ಇದೇ ಕಾರಣ. ಬುಡದ ಸುತ್ತ ಮಣ್ಣು ಬಿರುಕು ಬಿಟ್ಟು ಉಂಗುರದಂತೆ ಕಂಡರೆ ಕಂಬ ಏಳುತ್ತಿದೆ ಎಂದು ತಿಳಿಯಿರಿ. ಒತ್ತುಗಲ್ಲಿಗೆ ಉದ್ದದ ಕಲ್ಲನ್ನೇ ಆರಿಸಿ. ಬುಡ 5ರಿಂದ 6 ಅಡಿ ದೂರ ಇರಲಿ, ತಲೆ ನೆಲದಿಂದ ಮೂರು, ಮೂರೂವರೆ ಅಡಿಯಲ್ಲಿ ಕಂಬಕ್ಕೆ ಕೂರಲಿ.

ಮೂರನೆಯದು, ಒತ್ತುಗಲ್ಲಿನ ಬುಡವನ್ನು ಬರೀ ಮಣ್ಣಿಗೆ ಊರುವುದು. ಕಲ್ಲಿನ ತುದಿ ಚಿಕ್ಕದು, ಮಣ್ಣಿಗೆ ಚುಚ್ಚಿಕೊಂಡು ಹೋಗುತ್ತದೆ. ಬುಡದ ಹಿಂದೆ, ಒತ್ತುವ ದಿಕ್ಕಿಗೆ ಅಡ್ಡಲಾಗಿ, ಒಂದೂವರೆ ಅಡಿ ಅಗಲದ ಚಪ್ಪಡಿ ತುಂಡನ್ನು ಹೂತು, ಅದಕ್ಕೆ ಕಲ್ಲನ್ನು ಆನಿಸಿ. ಮುರಿದ ಕಂಬದ ತುಂಡು, ಹಳೇ ಕಡಪಾ ಕಲ್ಲಿನ ಚೂರು, ಏನಾದರೂ ಆದೀತು. ಕಂಬಕ್ಕೆ ತಾಗುವಲ್ಲಿ ಒಂದು ಇಂಚು ಆಳದ ಕಚ್ಚು ಕೊರೆಸಿದರೆ ಕಲ್ಲು ಜಾರುವುದಿಲ್ಲ. ಬರೀ ತಂತಿ ಸುತ್ತಿ ಕಟ್ಟಿದರೆ ಎರಡನೇ ಬೇಸಿಗೆಗೆ ಜಾರಿರುತ್ತದೆ.

ಈಗಾಗಲೇ ವಾಲಿದ ಮೂಲೆಯನ್ನು ಸರಿಪಡಿಸುವ ಕ್ರಮ ಹೀಗೆ. ಮೊದಲು ಆ ಸಾಲಿನ 5 ಎಳೆಯನ್ನೂ ಮೂಲೆಯಿಂದ ಬಿಚ್ಚಿ. ಎಳೆ ಬಿಚ್ಚದೆ ಕಂಬವನ್ನು ಹಿಂದಕ್ಕೆ ತಳ್ಳಿದರೆ ತಂತಿಯೋ ಕಂಬವೋ ತುಂಡಾಗುತ್ತದೆ. ವಾಲಿದ್ದರ ಎದುರು ಬದಿಯಲ್ಲಿ ಗುಂಡಿಯ ಮಣ್ಣು ತೆಗೆಯಿರಿ, ಕಂಬವನ್ನು ನೆಟ್ಟಗೆ ಮಾಡಿ, ಅಷ್ಟೇ ಅಲ್ಲ, ಎಳೆತದ ಎದುರು ದಿಕ್ಕಿಗೆ ಅರ್ಧ ಇಂಚು ಹೆಚ್ಚಾಗಿಯೇ ವಾಲಿಸಿ. ತಂತಿ ಬಿಗಿದಾಗ ಅದು ನೆಟ್ಟಗಾಗುತ್ತದೆ. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿಗೆ 1:3:6 ಕಾಂಕ್ರೀಟು (ಒಂದು ಪಾಲು ಸಿಮೆಂಟ್, ಮೂರು ಮರಳು, ಆರು ಜಲ್ಲಿ) ಹಾಕಿದರೆ ಮುಕ್ಕಾಲು ಚೀಲ ಸಿಮೆಂಟಿನೊಳಗೆ ಮುಗಿಯುತ್ತದೆ. ಒದ್ದೆ ಗೋಣಿ ಹೊದಿಸಿ 7 ದಿನ ನೀರುಣಿಸಿ, ಆಮೇಲೆ ತಂತಿ ಎಳೆಯಿರಿ. ಮರುದಿನವೇ ಎಳೆಯುವ ಆತುರ ಮಾಡಿದರೆ ಹಾಕಿದ ಕಾಂಕ್ರೀಟು ಒಳಗೇ ಬಿರುಕು ಬಿಟ್ಟು, ಮೇಲೆ ಚೆನ್ನಾಗಿ ಕಾಣುತ್ತಾ, ಮುಂದಿನ ವರ್ಷ ಅದೇ ತೊಂದರೆ ಕೊಡುತ್ತದೆ.

ಸಾಲು ಉದ್ದವಿದ್ದರೆ ಪ್ರತಿ 10-12 ಕಂಬಕ್ಕೊಂದು ಕಂಬಕ್ಕೆ ಎರಡೂ ಕಡೆಯಿಂದ ಒತ್ತುಗಲ್ಲು ಕೊಡಿ. ಒಂದು ಕಡೆ ತಂತಿ ತುಂಡಾದರೂ ಇನ್ನೊಂದು ಕಡೆಯ ಬೇಲಿ ಉಳಿಯುವುದು ಇದರಿಂದಲೇ.

ಎರೆಭೂಮಿಯಲ್ಲಿ ಕಂಬ ವಾಲುವುದು

ಕೋಲಾರ, ತುಮಕೂರಿನ ಕೆಂಪುಮಣ್ಣಿನಲ್ಲಿ ನಿಂತ ವಿಧಾನ ಗದಗ, ವಿಜಯಪುರ, ಕಲಬುರಗಿಯ ಎರೆಯಲ್ಲಿ (ಕಪ್ಪುಮಣ್ಣಿನಲ್ಲಿ) ನಿಲ್ಲುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಉಬ್ಬುವಾಗ ಕಂಬವನ್ನು ಹಿಡಿದು ಮೇಲೆತ್ತುತ್ತದೆ, ಬಿರಿದಾಗ ಕೈಬಿಡುತ್ತದೆ. ಇಲ್ಲಿ ಸಾಲಿನ ಕಂಬಗಳು ಒಂದೊಂದು ಒಂದೊಂದು ಕಡೆಗೆ ವಾಲಿರುತ್ತವೆ. ಎಲ್ಲ ಕಂಬ ಒಂದೇ ಕಡೆ ವಾಲಿದ್ದರೆ ಮೂಲೆಯ ದೋಷ, ಮನಬಂದಂತೆ ವಾಲಿದ್ದರೆ ಮಣ್ಣಿನ ದೋಷ. ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಅರ್ಧ ರೋಗ ನಿರ್ಣಯ ಮುಗಿದಂತೆ.

ಎರೆಯಲ್ಲಿ ಗುಂಡಿ ಎರಡೂವರೆಯಿಂದ 3 ಅಡಿ ಇರಲಿ, ಹಾಗಾಗಿ 8 ಅಡಿ ಕಂಬ ಬೇಕು. ಅಗೆದ ಎರೆಮಣ್ಣನ್ನೇ ವಾಪಸು ತುಂಬಬೇಡಿ. ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತಂದು ತುಂಬಿ, ಅರ್ಧ ಅಡಿಗೊಂದು ಪದರ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಹಾರೆಯ ಮೊಂಡು ತುದಿಯಿಂದ ದಮ್ಮಸು ಮಾಡಿ. ಮೂರಡಿ ಮಣ್ಣನ್ನು ಒಂದೇ ಸಲ ಸುರಿದು ಮೇಲೆ ತುಳಿದರೆ ಮೇಲಿನ ಒಂದು ಗೇಣು ಮಾತ್ರ ಗಟ್ಟಿಯಾಗುತ್ತದೆ. ಕಾಂಕ್ರೀಟು ಹಾಕುವುದಾದರೆ ಗುಂಡಿಯ ತಳ ಅಗಲ, ಬಾಯಿ ಕಿರಿದು ಇರಬೇಕು. ಬಹಳ ಕಡೆ ಇದರ ತಿರುಗಾಮುರುಗ ನಡೆದಿರುತ್ತದೆ: ನೆಲಮಟ್ಟದಲ್ಲಿ ಅಣಬೆಯಂತೆ ಅಗಲವಾದ ಕಾಂಕ್ರೀಟಿನ ಕಟ್ಟೆ. ಉಬ್ಬುವ ಮಣ್ಣು ಆ ಅಣಬೆಯ ಕೆಳಗೆ ಕೈಹಾಕಿ ಕಂಬವನ್ನೇ ಎತ್ತುತ್ತದೆ.

ಕಂಬ ನೆಡಲು ಮಣ್ಣು ಅರೆಹದದಲ್ಲಿದ್ದಾಗ ಒಳ್ಳೆಯದು. ಏಪ್ರಿಲ್ ತಿಂಗಳ ಒಣ ಹೆಂಟೆ ತುಂಬಿದ ಗುಂಡಿಯಲ್ಲಿ ಟೊಳ್ಳು ಉಳಿದು, ಮೊದಲ ಮಳೆಗೆ ಕುಸಿಯುತ್ತದೆ.

ಕಂಬವೇ ಮುರಿದಿದ್ದರೆ

ಎಲ್ಲಿ ಮುರಿದಿದೆ ನೋಡಿ. ನೆಲಮಟ್ಟದಲ್ಲಿ ಮುರಿದಿದ್ದರೆ ಬಾಗುವ ಒತ್ತಡ ಹೆಚ್ಚಾಗಿದೆ, ಮೇಲಿನ ಲೆಕ್ಕ ನೋಡಿಕೊಳ್ಳಿ. ತಂತಿ ಪೋಣಿಸಲು ಕೊರೆದ ತೂತಿನಲ್ಲಿ ಮುರಿದಿದ್ದರೆ ತೂತು ದೊಡ್ಡದಾಗಿದೆ ಅಥವಾ ಅಂಚಿಗೆ ಹತ್ತಿರವಾಗಿದೆ. ಓರೆಯಾಗಿ ಸೀಳಿದ್ದರೆ ಕಲ್ಲಿನಲ್ಲಿ ಮೊದಲೇ ನರ, ಅಂದರೆ ದುರ್ಬಲ ಗೆರೆ, ಇತ್ತು.

ಕೊಳ್ಳುವಾಗಲೇ ಒಂದೊಂದು ಕಂಬವನ್ನೂ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಬಿರುಕಿದ್ದರೆ ಒಡೆದ ಮಡಕೆ ತಟ್ಟಿದಂತೆ ಮಂಕು ಸದ್ದು. ಲಾರಿಯಿಂದ ಇಳಿಸುವಾಗ ಎಸೆದ ಕಂಬಗಳನ್ನು ಮತ್ತೊಮ್ಮೆ ತಟ್ಟಿ ನೋಡಬೇಕು. ಸೀಳುವಾಗ ಉಳಿದ ಉಳಿಗುರುತು, ನರ, ತೂತು ಇವು ಕೆಳಗಿನಿಂದ ಎರಡು ಅಡಿ ಆಸುಪಾಸಿನಲ್ಲಿದ್ದರೆ ಆ ಕಂಬವನ್ನು ತಲೆಕೆಳಗು ಮಾಡಿ ನೆಡಿ. ಕಂಬ ಹೆಚ್ಚು ಬಾಗುವುದು ನೆಲಮಟ್ಟದಲ್ಲಿ, ದುರ್ಬಲ ಜಾಗ ಅಲ್ಲಿ ಬರಕೂಡದು.

ತಂತಿ ಮತ್ತೆ ಮತ್ತೆ ತುಂಡಾಗುವುದು

12 ಗೇಜಿನ ಎರಡು ತಂತಿ ಹೊಸೆದ ಜೋಡಿ ಎಳೆ ಸುಮಾರು 400 ಕಿಲೋಗೆ ತುಂಡಾಗುತ್ತದೆ. 14 ಗೇಜಿನದು 260ರ ಹತ್ತಿರ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವವರು ಈ ಮಿತಿ ದಾಟಿದ್ದು ತಿಳಿಯುವುದೇ ಇಲ್ಲ. ಎಳೆ ತುಂಡಾಗದೆ ಉಳಿದರೂ ಒಳಗೊಳಗೇ ಹಿಗ್ಗಿ ಬಲ ಕಳೆದುಕೊಂಡಿರುತ್ತದೆ. ಕೈಯಿಂದ ತಿರುಗಿಸುವ ಚೈನ್ ಪುಲ್ಲಿಯಲ್ಲಿ ಎಳೆಯಿರಿ, ಕ್ಯಾನು ತೂಗಿ ನೋಡುತ್ತಾ ನಿಲ್ಲಿಸಿ. ಒಂದೇ ಸಲಕ್ಕೆ 300 ಅಡಿಗಿಂತ ಹೆಚ್ಚು ಎಳೆಯಬೇಡಿ, ನಡುಕಂಬಗಳಲ್ಲಿ ಮುಳ್ಳು ಸಿಕ್ಕಿಕೊಂಡು ಬಿಗಿತ ಆ ತುದಿಯವರೆಗೆ ತಲುಪುವುದಿಲ್ಲ.

ಕೊಂಡ ತಂತಿ ನಿಜವಾಗಿಯೂ 12 ಗೇಜೇ ಎಂಬ ಅನುಮಾನ ಇಟ್ಟುಕೊಳ್ಳುವುದು ತಪ್ಪಲ್ಲ. 12 ಗೇಜ್ ಎಂದರೆ 2.64 ಮಿಲಿಮೀಟರ್, 14 ಗೇಜ್ 2.03. ಮುಳ್ಳುತಂತಿಗಿರುವ ಭಾರತೀಯ ಮಾನಕ ಐಎಸ್ 278ರ ತಂತಿ ಕೇಳಿ ಪಡೆಯಿರಿ. ತಂತಿ ಮಾರುವುದು ತೂಕಕ್ಕೆ, ಬೇಲಿಗೆ ಬೇಕಾಗುವುದು ಉದ್ದ. 12 ಗೇಜಿನದು ಮುಳ್ಳಿನ ಅಂತರಕ್ಕೆ ತಕ್ಕಂತೆ ಕಿಲೋಗೆ ಸುಮಾರು 7ರಿಂದ 9 ಮೀಟರ್ ಬರುತ್ತದೆ. 12 ಎಂದು ಕೊಟ್ಟದ್ದು ಕಿಲೋಗೆ 13-14 ಮೀಟರ್ ಬಂದರೆ ಲಾಭವಾಯಿತು ಎಂದುಕೊಳ್ಳಬೇಡಿ, ಅದು 14 ಗೇಜ್. ಚೌಕನೆಯ ಒಂದು ಎಕರೆಗೆ ಸುತ್ತಳತೆ 835 ಅಡಿ. 10 ಅಡಿಗೊಂದರಂತೆ 84 ಕಂಬ, ಒತ್ತುಗಲ್ಲು ಬೇರೆ. ಐದೆಳೆಗೆ ಗಂಟು ಜೋಡಣೆ ಸೇರಿ 1340 ಮೀಟರ್ ತಂತಿ. ಕಿಲೋಗೆ 9 ಮೀಟರಿನಂತೆ 150 ಕಿಲೋ.

ಋತುವಿನ ಆಟವನ್ನೂ ಮರೆಯಬಾರದು. ಉಕ್ಕು ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 25 ಡಿಗ್ರಿ ವ್ಯತ್ಯಾಸಕ್ಕೆ 100 ಮೀಟರ್ ತಂತಿಯಲ್ಲಿ 30 ಮಿಲಿಮೀಟರ್. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಗಟ್ಟಿ ಎಳೆದು ಬಿಗಿದ ತಂತಿ ಡಿಸೆಂಬರಿನ ಬೆಳಗಿನ ಜಾವ ಎಳೆಗೆ ಇನ್ನೂ 40-50 ಕಿಲೋ ಹೆಚ್ಚು ಎಳೆಯಬಹುದು. ಚಳಿಗಾಲದಲ್ಲೇ ಗಂಟು ಕಡೆಯಲ್ಲಿ ಪಟ್ಟನೆ ತುಂಡಾದರೆ ಇದನ್ನು ನೆನೆಯಿರಿ. ಅದೇ ರೀತಿ ಬೇಸಿಗೆ ಮಧ್ಯಾಹ್ನದಲ್ಲಿ ತುಸು ಜೋಲು ಕಂಡು, ಸಂಜೆಗೆ ಸರಿಹೋಗುತ್ತಿದ್ದರೆ ಅದು ದೋಷವಲ್ಲ, ಮುಟ್ಟಬೇಡಿ. ಬಿಸಿಲೇರುವ ಮುಂಚೆ, ಬೆಳಗಿನ 8-9 ಗಂಟೆಯೊಳಗೆ ಎಳೆಯುವುದು ಎರಡಕ್ಕೂ ನಡುವಿನ ದಾರಿ.

ಗಂಟಿನಲ್ಲೇ ಬಿಚ್ಚುತ್ತಿದ್ದರೆ ಸುತ್ತು ಕಡಿಮೆಯಾಗಿದೆ. ಒಂದು ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಇನ್ನೊಂದನ್ನು ಅದರೊಳಗೆ ಹಾಯಿಸಿ ಬಾಗಿಸಿ, ಎರಡೂ ತುದಿಯನ್ನು ಅವವೇ ತಂತಿಯ ಮೇಲೆ 5-6 ಬಿಗಿ ಸುತ್ತು ಸುತ್ತಬೇಕು. ಸುತ್ತುಗಳ ನಡುವೆ ಸಂದು ಇರಬಾರದು.

ತುಕ್ಕು

ತಂತಿಯ ಆಯಸ್ಸು ಅದರ ಮೈಮೇಲಿನ ಸತುವಿನ ದಪ್ಪದಷ್ಟೇ. ಚದರ ಮೀಟರಿಗೆ 100 ಗ್ರಾಂ ಸತುವು ಎಂದರೆ 14 ಮೈಕ್ರಾನ್ ದಪ್ಪ. ಒಣ ಬಯಲಿನಲ್ಲಿ ವರ್ಷಕ್ಕೆ ಒಂದು ಮೈಕ್ರಾನ್ ಆಸುಪಾಸು ಸವೆಯುತ್ತದೆ. ಉಡುಪಿ, ಕಾರವಾರದಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಎರಡರಿಂದ ನಾಲ್ಕು. ಹಾಗಾಗಿ 60 ಗ್ರಾಮಿನ ತೆಳುಲೇಪದ ತಂತಿ ಚಿತ್ರದುರ್ಗದಲ್ಲಿ ಎಂಟು ವರ್ಷ ತಡೆದರೆ ಕಡಲ ಬದಿಯಲ್ಲಿ ಎರಡರಿಂದ ನಾಲ್ಕು ವರ್ಷಕ್ಕೆ ಕೆಂಪಾಗುತ್ತದೆ. ಕರಾವಳಿಯವರು 240 ಗ್ರಾಂ ಹತ್ತಿರದ ದಪ್ಪಲೇಪದ ತಂತಿಗೆ ಹೆಚ್ಚು ಹಣ ಕೊಡುವುದು ನಷ್ಟವಲ್ಲ.

ಲೇಪ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಅಡಿಕೆಗೆ ಬೋರ್ಡೊ ದ್ರಾವಣ ಮಾಡುವವರ ಮನೆಯಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಗಾಜಿನ ಲೋಟದಲ್ಲಿ 100 ಮಿಲಿಲೀಟರ್ ನೀರಿಗೆ 35 ಗ್ರಾಂ ಮೈಲುತುತ್ತ ಕಲಕಿ, ತಿಳಿಯಾಗಲು ಬಿಡಿ. ತಂತಿಯ ತುಂಡನ್ನು ಸೋಪಿನಲ್ಲಿ ತೊಳೆದು ಒರೆಸಿ, ಒಂದು ನಿಮಿಷ ಅದ್ದಿ, ತೆಗೆದು ನೀರಿನಲ್ಲಿ ಉಜ್ಜಿ ತೊಳೆಯಿರಿ. ಕಪ್ಪು ಮಸಿ ಉಜ್ಜಿದರೆ ಹೋಗುತ್ತದೆ, ಅಂದರೆ ಕೆಳಗೆ ಸತುವು ಇನ್ನೂ ಇದೆ. ಹೊಳೆಯುವ ತಾಮ್ರದ ಬಣ್ಣ ಅಂಟಿಕೊಂಡು ಉಜ್ಜಿದರೂ ಹೋಗದಿದ್ದರೆ ಸತುವು ಮುಗಿದು ಕಬ್ಬಿಣ ಸಿಕ್ಕಿದೆ. ಮೊದಲ ಅದ್ದಿಗೇ ತಾಮ್ರ ಕಂಡರೆ ಲೇಪ ಬಹಳ ತೆಳು. ಮೂರ್ನಾಲ್ಕು ಸಲ ತಾಳಿದರೆ ಒಳ್ಳೆಯ ತಂತಿ. ಕತ್ತರಿಸಿದ ತುದಿಗಳಲ್ಲಿ ತಾಮ್ರ ಕಾಣುವುದು ಸಹಜ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೈಲುತುತ್ತ ವಿಷ, ಕೈ ತೊಳೆದುಕೊಳ್ಳಿ, ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ, ಉಳಿದ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡಿ. ಕುರಿಗಳಿಗೆ ತಾಮ್ರ ವಿಶೇಷವಾಗಿ ಅಪಾಯ.

ಹಳೇ ಬೇಲಿಯಲ್ಲಿ ತುಕ್ಕು ಎಲ್ಲಿ ಕಾಣುತ್ತದೆ ಎಂಬುದೇ ಕಾರಣ ಹೇಳುತ್ತದೆ. ಕಟ್ಟಿದ ಜಾಗದಲ್ಲಿ ಮಾತ್ರ ಕೆಂಪಾಗಿದ್ದರೆ, ಮನೆ ಕಟ್ಟುವವರು ಕಂಬಿಗೆ ಬಳಸುವ ಕರಿ ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದೀರಿ. ಅದು ತಾನೂ ಬೇಗ ತುಕ್ಕು ಹಿಡಿದು, ತಾಗಿದ ಕಡೆ ಮುಳ್ಳುತಂತಿಯ ಸತುವನ್ನೂ ಬೇಗ ಸವೆಸುತ್ತದೆ. ಜಿಐ (ಸತುವು ಲೇಪಿಸಿದ) ಕಟ್ಟುತಂತಿ, 14 ಅಥವಾ 16 ಗೇಜ್, ಬಳಸಿ. ಕೆಳಗಿನ ಎಳೆ ಮಾತ್ರ ಕೆಂಪಾಗಿದ್ದರೆ ಹುಲ್ಲು, ಬಳ್ಳಿ, ತಿಪ್ಪೆಯ ಒದ್ದೆ ಅದಕ್ಕೆ ಸದಾ ತಾಗುತ್ತಿದೆ. ಬೇಲಿಗೆ ಹಬ್ಬಿಸಿದ ಬಳ್ಳಿ ಚೆಂದ ಕಂಡರೂ ತಂತಿ ಒಣಗಲು ಬಿಡುವುದಿಲ್ಲ. ಒಂದೆರಡು ಅಂಕಣ ಪೂರ್ತಿ ಕಪ್ಪಾಗಿ, ತಂತಿ ಮೆತ್ತಗಾಗಿದ್ದರೆ ಬದುವಿನ ಕಸಕ್ಕೋ ಕಬ್ಬಿನ ರವದಿಗೋ ಹಚ್ಚಿದ ಬೆಂಕಿ ತಾಗಿದೆ. ಸತುವು 419 ಡಿಗ್ರಿಗೆ ಕರಗುತ್ತದೆ. ಸುಟ್ಟ ತಂತಿಗೆ ಬಣ್ಣ ಬಳಿದು ಉಳಿಸುವ ಪ್ರಯತ್ನ ಬೇಡ, ಆ ತುಂಡನ್ನು ಬದಲಿಸಿ. ಮುಳ್ಳಿನ ತುದಿಯಲ್ಲಷ್ಟೇ ತುಕ್ಕಿದ್ದರೆ ಚಿಂತೆಯಿಲ್ಲ, ಕತ್ತರಿಸಿದ ತುದಿಗೆ ಲೇಪವಿರುವುದಿಲ್ಲ.

ಬೇಲಿ ಗಟ್ಟಿಯಿದೆ, ಆದರೂ ದನ ದಾಟುತ್ತವೆ

ತಂತಿ ಕಂಬದ ಯಾವ ಮುಖದಲ್ಲಿದೆ ನೋಡಿ. ದನ ಒತ್ತುವ ಕಡೆಯಲ್ಲೇ ತಂತಿ ಇರಬೇಕು. ಆಗ ದನ ಮೈ ಒರಗಿಸಿದರೆ ತಂತಿ ಕಂಬಕ್ಕೆ ಒತ್ತಿಕೊಳ್ಳುತ್ತದೆ. ರಸ್ತೆಗೆ ಚೆಂದ ಕಾಣಲೆಂದು ಹೊರಮುಖಕ್ಕೆ ಕಟ್ಟಿದರೆ ಒಳಗಿನ ದನದ ಭಾರವೆಲ್ಲ ಆ ಸಣ್ಣ ಕಟ್ಟುತಂತಿಯ ಮೇಲೆ ಬೀಳುತ್ತದೆ. ಕಟ್ಟುತಂತಿಗಳೇ ಪದೇ ಪದೇ ಬಿಚ್ಚುತ್ತಿದ್ದರೆ ಬೇರೆ ಕಾರಣ ಹುಡುಕಬೇಡಿ. ದನ ಒಳಗಿದ್ದರೆ ಒಳಮುಖ, ಬೆಳೆ ಒಳಗಿದ್ದು ಹೊರಗಿನ ದನ ತಡೆಯುವುದಾದರೆ ಹೊರಮುಖ.

ಎಮ್ಮೆ, ಹೋರಿಗಳು ಬೇಲಿಗೆ ಬರುವುದು ಬಹುಪಾಲು ಮೈ ತುರಿಸಿಕೊಳ್ಳಲು ಅಥವಾ ಆಚೆಯ ಹಸಿರಿಗೆ ಕತ್ತು ಚಾಚಲು. ಒಳಗೆ ಒಂದು ದಪ್ಪ ಒರಟು ಕಲ್ಲು ನೆಟ್ಟುಕೊಟ್ಟರೆ ಅಲ್ಲಿ ತುರಿಸಿಕೊಳ್ಳುತ್ತವೆ. ಮೈಮೇಲೆ ಉಣುಗು (ರಕ್ತ ಹೀರುವ ಹುಳ) ಹೆಚ್ಚಿದೆಯೇ ಎಂದೂ ನೋಡಿ, ಬೇಲಿ ಕೆಡಿಸುವುದರ ಮೂಲ ಅದೇ ಆಗಿರಬಹುದು. ಕತ್ತು ಚಾಚುವುದಕ್ಕೆ ಮೇಲಿನ ಎಳೆ ಅತ್ಯಂತ ಬಿಗಿಯಾಗಿರಬೇಕು, 4 ಅಡಿಗಿಂತ ಕೆಳಗಿರಬಾರದು.

ಕರು, ಮೇಕೆಗಳು ನುಸುಳುವುದು ಎಳೆಗಳ ಸಂದಿನಲ್ಲಿ. ಅಂಕಣಕ್ಕೆ ಎರಡು ಕಡೆ, ಮೇಲಿನಿಂದ ಕೆಳಗಿನವರೆಗೆ, ಎಲ್ಲ ಎಳೆಯನ್ನೂ ಸೇರಿಸಿ ನಿಲುತಂತಿ ಕಟ್ಟಿ, ಅಥವಾ ಬಿದಿರಿನ ಸೀಳು ಕಟ್ಟಿ. ಆಗ ಒಂದು ಎಳೆಯನ್ನು ಮಾತ್ರ ಸರಿಸಿ ತಲೆ ತೂರಿಸಲು ಆಗುವುದಿಲ್ಲ. ಅಂಕಣಕ್ಕೆ ಕತ್ತರಿಯಾಕಾರದಲ್ಲಿ ಎರಡು ಓರೆ ಎಳೆ ಹಾಕುವುದೂ ಇದೇ ಕೆಲಸ ಮಾಡುತ್ತದೆ. ಮೇಕೆಗೆ ಎಳೆಗಳ ಎತ್ತರ ನೆಲದಿಂದ 6, 12, 18, 26, 36, 48 ಇಂಚು ಇರಲಿ, ಅಂದರೆ ಆರೆಳೆ. ಉಣ್ಣೆಯ ಕುರಿಗೆ, ಉದಾಹರಣೆಗೆ ಡೆಕ್ಕನಿ ತಳಿಗೆ, ಮುಳ್ಳುತಂತಿ ತಕ್ಕುದಲ್ಲ. ಉಣ್ಣೆ ಮುಳ್ಳಿಗೆ ಸಿಕ್ಕಿ ಕುರಿ ಒದ್ದಾಡಿ ಚರ್ಮ ಹರಿದುಕೊಳ್ಳುತ್ತದೆ. ಕೆಳಗೆ 3 ಅಡಿ ಚೈನ್‌ಲಿಂಕ್ ಜಾಲರಿ, ಅದರ ಮೇಲೆ ಎರಡೆಳೆ ಮುಳ್ಳುತಂತಿ ಹಾಕುವುದು ಸರಿ.

ಬೇಲಿ ಹೊಸದಾಗಿದ್ದರೆ ದನಕ್ಕೆ ತಂತಿ ಕಾಣುವುದೇ ಇಲ್ಲ. ಮೊದಲ ಎರಡು ವಾರ ಅಂಕಣಕ್ಕೊಂದು ಬಿಳಿ ಬಟ್ಟೆಯ ಚೂರು ಕಟ್ಟಿ, ಹಗಲಿನಲ್ಲಿ ಹಿಂಡನ್ನು ಬೇಲಿಯುದ್ದಕ್ಕೂ ಒಂದು ಸುತ್ತು ನಡೆಸಿ. ಗಾಯವಾದರೆ ಸಣ್ಣದೆಂದು ಬಿಡಬೇಡಿ, ತುಕ್ಕುಮುಳ್ಳಿನ ಆಳದ ಗಾಯದಿಂದ ಧನುರ್ವಾಯು ಬರಬಹುದು. ಕುರಿ, ಮೇಕೆ, ಕುದುರೆಗಳಿಗೆ ಈ ಭಯ ಹೆಚ್ಚು. ಪಶುವೈದ್ಯರಿಗೆ ಅಂದೇ ತೋರಿಸಿ. ಕೆಚ್ಚಲಿಗೆ ಗೀರಿದ್ದರಂತೂ ತಡಮಾಡಲೇಬಾರದು.

ಮುಳ್ಳುತಂತಿಗೆ ಕರೆಂಟು ಕೊಡುವ ಆಲೋಚನೆಯನ್ನು ಮನಸ್ಸಿಗೆ ತಂದುಕೊಳ್ಳಲೇಬೇಡಿ. ಮನೆಯ ಲೈನಿನಿಂದ ಕೊಡುವುದು ಅಪರಾಧ, ಅದರಿಂದ ಮನುಷ್ಯರೂ ಆನೆಗಳೂ ಸತ್ತಿದ್ದಾರೆ. ಸೋಲಾರ್ ಬೇಲಿಯ ಯಂತ್ರವನ್ನೂ ಮುಳ್ಳುತಂತಿಗೆ ಜೋಡಿಸಬಾರದು. ನಯವಾದ ತಂತಿ ತಾಗಿದ ಪ್ರಾಣಿ ಹಿಂದೆ ಸರಿಯುತ್ತದೆ, ಮುಳ್ಳಿಗೆ ಸಿಕ್ಕಿಕೊಂಡದ್ದು ಹಿಂದೆ ಸರಿಯಲಾರದೆ ಹೊಡೆತ ತಿನ್ನುತ್ತಲೇ ಇರುತ್ತದೆ.

ತಗ್ಗು, ಹಳ್ಳ, ಗೇಟು

ತಗ್ಗಿನಲ್ಲಿರುವ ಕಂಬವನ್ನು ಎರಡೂ ಕಡೆಯ ತಂತಿ ಮೇಲಕ್ಕೆ ಎಳೆಯುತ್ತದೆ. ಕಂಬ ಗುಂಡಿಯಿಂದ ಕಿತ್ತು ನೇತಾಡುತ್ತಿದ್ದರೆ ಅದೇ ಕಾರಣ. ಅದರ ಬುಡದಲ್ಲಿ ಎರಡು ಅಡಿ ಆಳಕ್ಕೆ 50-60 ಕಿಲೋದ ಕಲ್ಲು ಹೂತು, 8 ಅಥವಾ 10 ಗೇಜಿನ ಜಿಐ ತಂತಿಯಿಂದ ಎಳೆಗಳನ್ನು ಅದಕ್ಕೆ ಕಟ್ಟಿ ಕೆಳಕ್ಕೆ ಜಗ್ಗಿ.

ಹಳ್ಳ ದಾಟುವ ಕಡೆ ಮುಖ್ಯ ಬೇಲಿಯನ್ನು ಎರಡೂ ದಂಡೆಯಲ್ಲಿ ಒತ್ತುಗಲ್ಲು ಕೊಟ್ಟು ಮುಗಿಸಿಬಿಡಿ. ನಡುವಿನ ತುಂಡು ಬೇರೆಯಾಗಿರಲಿ, ತೆಳು ಕಟ್ಟುತಂತಿಯಲ್ಲಿ ಕಟ್ಟಿರಲಿ. ಪ್ರವಾಹ ಬಂದಾಗ ಅದೊಂದೇ ಕೊಚ್ಚಿಕೊಂಡು ಹೋಗುತ್ತದೆ, ಸಾಲು ಉಳಿಯುತ್ತದೆ.

ಗೇಟು ಕೆಳಕ್ಕೆ ಕೂತು ನೆಲಕ್ಕೆ ಉಜ್ಜುತ್ತಿದ್ದರೆ, ತಂತಿಯ ಎಳೆತ ಹೊತ್ತ ಕಂಬಕ್ಕೇ ಗೇಟನ್ನೂ ತೂಗುಹಾಕಿದ್ದೀರಿ. ಗೇಟಿಗೆ ಪ್ರತ್ಯೇಕ ಕಂಬ ನೆಡಿ.

ರಿಪೇರಿ ಮುಗಿದ ಮೇಲೆ

ಕತ್ತರಿಸಿ ಬಿದ್ದ ತಂತಿ ಚೂರು, ಮುಳ್ಳಿನ ತುಂಡು, ಕಟ್ಟುತಂತಿಯ ತುದಿ ಇವನ್ನು ಅಂದೇ ಎಣಿಸಿಕೊಂಡಂತೆ ಆರಿಸಿ. ಹಸು ಹುಲ್ಲನ್ನು ಜಗಿಯದೆ ಹಾಗೇ ನುಂಗುತ್ತದೆ. ಎರಡು ಇಂಚಿನ ತಂತಿ ಚೂರು ಹುಲ್ಲಿನ ಜೊತೆ ಎರಡನೇ ಹೊಟ್ಟೆಗೆ ಸೇರಿ, ಅದರ ಗೋಡೆ ಚುಚ್ಚಿ, ಅಲ್ಲಿಂದ ಹೃದಯದ ಪೊರೆಯವರೆಗೂ ಹೋಗಬಹುದು. ಹಸು ಮೇವು ಬಿಡುತ್ತದೆ, ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತದೆ, ಹಾಲು ಇದ್ದಕ್ಕಿದ್ದಂತೆ ಇಳಿಯುತ್ತದೆ. ಈ ಲಕ್ಷಣ ಕಂಡರೆ ಇತ್ತೀಚೆಗೆ ಬೇಲಿ ಕೆಲಸ ನಡೆದಿದೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಬೇಲಿಯುದ್ದಕ್ಕೂ ಹುಲ್ಲಿನಲ್ಲಿ ಎರಡು ಸಲ ಎಳೆದರೆ ಕಣ್ಣಿಗೆ ಕಾಣದ ಚೂರೂ ಸಿಗುತ್ತದೆ. ಅಷ್ಟು ಮಾಡಿಯೇ ದನವನ್ನು ಒಳಗೆ ಬಿಡಿ.